ಮನೆಯವ್ರಿಗೆ ಕ್ಲಸ್ಟರ್ ತಲೆನೋವು ಇದ್ರೆ ಪಕ್ಕದಲ್ಲಿರುವವ್ರು ಎಂತ ಮಾಡ್ಬೇಕು

ನಮ್ಮ ಕಾಸರಗೋಡು ಬದಿಯಲ್ಲಿ ಯಾವ ತಲೆನೋವು ಬಂದ್ರೂ ಒಂದೋ ಪಿತ್ತ, ಇಲ್ಲದಿದ್ರೆ ಸೈನಸ್, ಅದೂ ಅಲ್ಲದಿದ್ರೆ ಮೈಗ್ರೇನ್ ಅಂತ ಹೇಳಿ ಮುಗಿಸ್ತಾರೆ. ಹಾಗಾಗಿ ಕ್ಲಸ್ಟರ್, ಅಂದ್ರೆ ಒಂದೇ ಬದಿಯ ಕಣ್ಣಿನ ಸುತ್ತ ಸಹಿಸ್ಲಿಕ್ಕಾಗದ ನೋವು ಮತ್ತೆ ಮತ್ತೆ ಬರುವ ತಲೆನೋವು, ಇದ್ದವ್ರು ಎಷ್ಟೋ ವರ್ಷ ತಪ್ಪು ಮದ್ದು ತಿಂದು, ಕೆಲವ್ರು ಹಲ್ಲು ಸಹ ತೆಗೆಸಿ, ಮತ್ತೆ ನ್ಯೂರೋಲಜಿಸ್ಟ್ ಹತ್ರ ಹೋಗುದು. ವ್ಯತ್ಯಾಸ ಮನೆಯಲ್ಲೇ ಗೊತ್ತಾಗ್ತದೆ. ಮೈಗ್ರೇನ್ ಇದ್ದವ್ರು ಕತ್ತಲೆ ರೂಮಿನಲ್ಲಿ ಅಲುಗಾಡದೆ ಮಲಗ್ತಾರೆ, ಕ್ಲಸ್ಟರ್ ಬಂದವ್ರಿಗೆ ಒಂದು ಕಡೆ ಕೂತ್ಕೊಳ್ಲಿಕ್ಕೇ ಆಗುದಿಲ್ಲ, ಚಾವಡಿಯಿಂದ ಅಂಗಳಕ್ಕೆ ಅಂಗಳದಿಂದ ಚಾವಡಿಗೆ ನಡೀತಾ ಇರ್ತಾರೆ, ತಲೆಯನ್ನು ಗೋಡೆಗೆ ಒತ್ತಿ ಹಿಡೀತಾರೆ, ಒಂದೇ ಬದಿಯ ಕಣ್ಣು ಕೆಂಪಾಗಿ ನೀರು ಸುರೀತದೆ, ಅದೇ ಬದಿಯ ಮೂಗು ಕಟ್ತದೆ, ರೆಪ್ಪೆ ಇಳೀತದೆ. ಮದ್ದು ಇಲ್ಲದಿದ್ರೆ 15 ನಿಮಿಷದಿಂದ 3 ಗಂಟೆ ತನಕ ಇರ್ತದೆ, ದಿನಕ್ಕೆ 8 ಸಲ ತನಕ ಬರ್ಬಹುದು. ಹೆಚ್ಚಿನವ್ರಿಗೆ ಇದು ಸೀಸನ್ ಹಾಗೆ, ಕೆಲವು ವಾರ ಅಥ್ವಾ ತಿಂಗಳು ಬಂದು ಮತ್ತೆ ತುಂಬಾ ಸಮಯ ಪತ್ತೆಯೇ ಇರುದಿಲ್ಲ. ದಿನಾ ಅದೇ ಹೊತ್ತಿಗೆ, ಅದೂ ರಾತ್ರಿ ನಿದ್ದೆ ಹತ್ತಿ ಒಂದೆರಡು ಗಂಟೆಯೊಳಗೆ ಬರುದು ಜಾಸ್ತಿ, ಮೆದುಳಿನ ಹೈಪೋಥಲಾಮಸ್ ಅಂತ ನಮ್ಮ ದೇಹದ ಗಡಿಯಾರ ನೋಡಿಕೊಳ್ಳುವ ಭಾಗಕ್ಕೂ ಇದಕ್ಕೂ ಸಂಬಂಧ ಉಂಟು.

ನಾನು ಹೇಳ್ಲಿಕ್ಕೆ ಹೊರಟದ್ದು ಒಂದೇ ವಿಷಯ, ಅಟ್ಯಾಕ್, ಅಂದ್ರೆ ಈ ನೋವು, ಬಂದಾಗ ಮಾತಾಡಿ ಕೇಳಿ ತೀರ್ಮಾನ ಮಾಡುವ ಹೊತ್ತು ಇರುದಿಲ್ಲ, ಆದ್ದರಿಂದ ನಮ್ಮ ಕೆಲಸದ ಮುಕ್ಕಾಲು ಭಾಗ ನೋವು ಇಲ್ಲದ ಹಗಲಿನಲ್ಲೇ ಮುಗೀಬೇಕು.

ಮೊದಲು ಆಕ್ಸಿಜನ್. ಪ್ಯಾರಾಸಿಟಮಾಲ್, ಬ್ರೂಫೆನ್ ಇದಕ್ಕೆ ಪ್ರಯೋಜನ ಇಲ್ಲ, ಮಾತ್ರೆ ಹೊಟ್ಟೆಯಲ್ಲಿ ಕರಗುವಾಗ ಎಷ್ಟೋ ಸಲ ಅಟ್ಯಾಕೇ ಮುಗಿದಿರ್ತದೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ನಿಮಿಷಕ್ಕೆ 12 ಲೀಟರಿನ ಹಾಗೆ ಶುದ್ಧ ಆಕ್ಸಿಜನ್ ಕೊಟ್ಟಾಗ 78 ಪರ್ಸೆಂಟ್ ಅಟ್ಯಾಕ್‌ಗಳಲ್ಲಿ 15 ನಿಮಿಷಕ್ಕೆ ನೋವು ಹೋಗಿದೆ ಅಥ್ವಾ ಸಾಕಷ್ಟು ಇಳಿದಿದೆ, ಬರೀ ಗಾಳಿ ಕೊಟ್ಟದ್ರಲ್ಲಿ 20 ಪರ್ಸೆಂಟ್ ಮಾತ್ರ. ಆದ್ರೆ ಡಾಕ್ಟರ್ ಬರೆದು ಕೊಡ್ಬೇಕು, ಯಾಕಂದ್ರೆ ಬೀಡಿ ಸಿಗರೇಟ್ ಎಳೆದು ಶ್ವಾಸಕೋಶ ಹಾಳಾಗಿ ಸಿಓಪಿಡಿ ಇದ್ದವ್ರಿಗೆ ಇಷ್ಟು ಆಕ್ಸಿಜನ್ ಅಪಾಯ ಆಗ್ಬಹುದು. ಚೀಟಿಯಲ್ಲಿ ಮೂರು ವಿಷಯ ಸ್ಪಷ್ಟ ಇರ್ಲಿ, ನೂರು ಪರ್ಸೆಂಟ್ ಆಕ್ಸಿಜನ್, ನಿಮಿಷಕ್ಕೆ 12ರಿಂದ 15 ಲೀಟರ್, ಚೀಲ ಇರುವ, ಬಿಟ್ಟ ಉಸಿರು ತಿರುಗಿ ಒಳಗೆ ಹೋಗದ ನಾನ್ ರೀಬ್ರೀದರ್ ಮಾಸ್ಕ್. ಮೂಗಿಗೆ ಸಿಕ್ಕಿಸುವ ಸಪೂರ ಟ್ಯೂಬಿನಿಂದ ಆಗುದಿಲ್ಲ. ಕೊರೊನಾ ಸಮಯದಲ್ಲಿ ತಗೊಂಡ ಕಾನ್ಸಂಟ್ರೇಟರ್, ಗಾಳಿಯಿಂದ ಆಕ್ಸಿಜನ್ ತೆಗೆಯುವ ಕರೆಂಟಿನ ಮಿಷನ್, ಮನೆಯಲ್ಲಿ ಉಂಟಲ್ಲ ಅಂತ ಕೇಳುವವ್ರಿದ್ದಾರೆ, ಅದು ಸಾಮಾನ್ಯ 5 ಅಥ್ವಾ 10 ಲೀಟರಿಂದು, ಇದಕ್ಕೆ ಸಾಲುದಿಲ್ಲ, ಮತ್ತೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ನಮ್ಮ ಊರುಗಳಲ್ಲಿ ಅದನ್ನು ನಂಬ್ಲಿಕ್ಕೂ ಆಗುದಿಲ್ಲ. ಸಿಲಿಂಡರೇ ಆಗ್ಬೇಕು. ಲೆಕ್ಕ ಹೀಗೆ: 12 ಲೀಟರಿನ ಹಾಗೆ 15 ನಿಮಿಷಕ್ಕೆ 180 ಲೀಟರ್ ಬೇಕು, ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರ್ತದೆ ಅಂದ್ರೆ ಎಂಟು ಅಟ್ಯಾಕಿಗೆ ಬರ್ತದೆ, ದೊಡ್ಡ ಜಂಬೋ ಡಿ ಟೈಪಿನಲ್ಲಿ 7000 ಲೀಟರ್. ದಿನಕ್ಕೆ ಎರಡು ಮೂರು ಸಲ ಬರುವ ಸೀಸನ್ ಆದ್ರೆ ಸಣ್ಣದು ನಾಲ್ಕು ದಿನ ಬರುದೂ ಕಷ್ಟ, ಹಾಗಾಗಿ ಎರಡು ಇಟ್ಕೊಳ್ಳಿ, ಒಂದು ಖಾಲಿಯಾದ ದಿನವೇ ರೀಫಿಲ್‌ಗೆ ಕಳ್ಸಿ. ರೆಗ್ಯುಲೇಟರ್ 15 ಲೀಟರ್ ತನಕ ಹೋಗುವಂಥದ್ದು ಅಂತ ಕೇಳಿಯೇ ತನ್ನಿ, ತಂದ ಮೇಲೆ ಹಗಲಿನಲ್ಲಿ ಒಂದು ಸಲ ನೀವೇ ತೆರೆದು ನೋಡಿ. ಕೀಲಿ ಸಿಲಿಂಡರಿಗೇ ಹಗ್ಗದಲ್ಲಿ ಕಟ್ಟಿಡಿ, ರಾತ್ರಿ ಕತ್ತಲೆಯಲ್ಲಿ ಸ್ಪಾನರ್ ಹುಡುಕುವ ಪರಿಸ್ಥಿತಿ ಯಾರಿಗೂ ಬರ್ಬಾರ್ದು.

ಇಲ್ಲಿ ಒಂದು ಜಾಗ್ರತೆ ನಮ್ಮವ್ರಿಗೆ ಜಾಸ್ತಿ ಬೇಕು. ಒತ್ತಡದ ಆಕ್ಸಿಜನ್ ಮತ್ತು ಎಣ್ಣೆ ಒಟ್ಟಿಗೆ ಸೇರಿದ್ರೆ ಬೆಂಕಿ ಹತ್ತಬಹುದು, ತೆಂಗಿನೆಣ್ಣೆ ತಾಗಿದ ಕೈಯಲ್ಲಿ ವಾಲ್ವ್ ಮುಟ್ಲೇಬಾರ್ದು, ಮುಖಕ್ಕೆ ಬಾಮ್ ವ್ಯಾಸಲಿನ್ ಹಚ್ಚಿ ಮಾಸ್ಕ್ ಹಾಕ್ಬಾರ್ದು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಎಲ್ಲ ಆ ಕೋಣೆಯಿಂದ ದೂರ, ಬೀಡಿ ಅಂತೂ ಬೇಡವೇ ಬೇಡ. ಕಿಟಕಿ ತೆರೆದಿರ್ಲಿ, ಸಿಲಿಂಡರ್ ಬೀಳದ ಹಾಗೆ ಕಟ್ಟಿ ನಿಲ್ಲಿಸಿ.

ಎರಡನೇದು ಬಂದ ಅಟ್ಯಾಕ್ ನಿಲ್ಲಿಸುವ ಸುಮಾಟ್ರಿಪ್ಟಾನ್ ಇಂಜೆಕ್ಷನ್, 6 ಮಿಲಿಗ್ರಾಂ, ಚರ್ಮದ ಅಡಿಗೆ ಕೊಡುವಂಥದ್ದು. ಹಾರ್ಟ್ ತೊಂದರೆ, ಸ್ಟ್ರೋಕ್ ಆದವ್ರು, ಕಂಟ್ರೋಲಿಗೆ ಬಾರದ ಬಿಪಿ ಇದ್ದವ್ರಿಗೆ ಇದು ಆಗುದಿಲ್ಲ. 24 ಗಂಟೆಯಲ್ಲಿ ಎರಡಕ್ಕಿಂತ ಜಾಸ್ತಿ ಇಲ್ಲ, ಎರಡರ ಮಧ್ಯೆ ಕಡಿಮೆಯೆಂದ್ರೂ ಒಂದು ಗಂಟೆ ಬೇಕು, ಕೊಟ್ಟ ಟೈಮ್ ಕ್ಯಾಲೆಂಡರಿನಲ್ಲಿ ಬರ್ದಿಡಿ, ನೋವಿನಲ್ಲಿರುವವ್ರಿಗೆ ಅದು ನೆನಪಿರುದಿಲ್ಲ. ಸಣ್ಣ ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇರ್ಲಿಕ್ಕಿಲ್ಲ, ಮಂಗಳೂರಿಗೆ ಡಾಕ್ಟರಿಗೆ ತೋರಿಸ್ಲಿಕ್ಕೆ ಹೋದ ದಿನವೇ ತಂದುಬಿಡಿ. ಕೊಡುದು ಹೇಗೆ ಅಂತ ನರ್ಸ್ ಎದುರು ಒಂದು ಸಲ ಮಾಡಿ ಕಲೀಬೇಕು.

ಇನ್ನು ರಾತ್ರಿ ಅಟ್ಯಾಕ್ ಬಂತು ಅಂತ ಇಟ್ಕೊಳ್ಳಿ. ಲೈಟ್ ಹಾಕಿ, ವಾಲ್ವ್ ತೆರೀರಿ, ಚೀಲ ತುಂಬಿದ ಮೇಲೆ ಮಾಸ್ಕ್ ಕೈಗೆ ಕೊಡಿ, ಅವ್ರೇ ಮುಖಕ್ಕೆ ಒತ್ತಿ ಹಿಡ್ಕೊಳ್ಲಿ. ಕೂತು ಸ್ವಲ್ಪ ಮುಂದೆ ಬಗ್ಗಿದ್ರೆ ಒಳ್ಳೇದು. ಶುರುವಾದ ಕೂಡ್ಲೇ ಹಾಕಿದ್ರೆ ಕೆಲಸ ಮಾಡ್ತದೆ, ಸ್ವಲ್ಪ ನೋಡುವ ಅಂತ ಕಾದ್ರೆ ಹೋಯ್ತು. ಐದು ನಿಮಿಷಕ್ಕೆ ಕಡಿಮೆ ಆಗ್ಲಿಲ್ಲ ಅಂತ ಬಿಸಾಡ್ಲಿಕ್ಕೆ ನೋಡ್ತಾರೆ, 15 ನಿಮಿಷ ಆಗುವ ತನಕ ಬಿಡ್ಬೇಡಿ ಅಂತ ಒಂದೇ ಮಾತು ಹೇಳಿ ಗಡಿಯಾರ ತೋರಿಸಿ. ಅಷ್ಟೇ. "ಈಗ ಹೇಗುಂಟು, ನೀರು ಬೇಕಾ, ಬಾಮ್ ಹಚ್ಚಲಾ" ಅಂತ ಕೇಳ್ತಾ ಇರ್ಬೇಡಿ, ಉತ್ತರ ಕೊಡುದೂ ಅವ್ರಿಗೆ ಹಿಂಸೆ. ಒಂದು ಬೆರಳು ಎತ್ತಿದ್ರೆ ಐಸ್ ಬೇಕು, ಎರಡು ಎತ್ತಿದ್ರೆ ಇಂಜೆಕ್ಷನ್, ಕೈ ಬೀಸಿದ್ರೆ ಹೊರಗೆ ಹೋಗು ಅಂತ ಮೊದಲೇ ಮಾತಾಡಿ ಇಟ್ಕೊಳ್ಳಿ. ಹಿಡಿದು ಕೂರಿಸ್ಲಿಕ್ಕೆ, ತಬ್ಬಿಕೊಳ್ಲಿಕ್ಕೆ ಹೋಗ್ಬೇಡಿ. ನಡೀಲಿ, ಮುಲುಕಲಿ, ಬೈದ್ರೂ ಆ ಮಾತು ನಿಮಗಲ್ಲ. ನಡೆಯುವ ದಾರಿಯಲ್ಲಿ ಸ್ಟೂಲು, ಹಾಳೆಕತ್ತಿ, ಅಡಿಕೆ ಗೋಣಿ ಎಂತದೂ ಇಲ್ಲದ ಹಾಗೆ ಸಂಜೆಯೇ ನೋಡ್ಕೊಳ್ಳಿ. ಮಕ್ಕಳಿಗೂ ಮುಂಚೆಯೇ ಹೇಳಿ, ಅಪ್ಪನಿಗೆ ತುಂಬ ನೋವು, ಸ್ವಲ್ಪ ಹೊತ್ತಿನಲ್ಲಿ ಹೋಗ್ತದೆ ಅಂತ, ಗೊತ್ತಿದ್ರೆ ಅವು ಅಷ್ಟು ಹೆದರುದಿಲ್ಲ.

ಸೀಸನ್ ಇರುವಷ್ಟು ದಿನ ಕಳ್ಳು, ಬಿಯರ್, ಯಾವುದೂ ಬೇಡ, ಸ್ವಲ್ಪ ಕುಡಿದ್ರೂ ಹೆಚ್ಚಿನವ್ರಿಗೆ ಒಂದು ಗಂಟೆಯೊಳಗೆ ಅಟ್ಯಾಕ್ ಬರ್ತದೆ. ಮದುವೆ ಮನೆಯಲ್ಲಿ ಒತ್ತಾಯ ಮಾಡುವ ಭಾವಂದಿರಿಗೆ ನೀವೇ ಮೊದಲು ಹೇಳಿಬಿಡಿ. ಪೇಂಟ್, ಪೆಟ್ರೋಲ್ ವಾಸನೆ, ಮಧ್ಯಾಹ್ನದ ನಿದ್ದೆ, ಕೋಲ, ಯಕ್ಷಗಾನ ಆಟ ಅಂತ ರಾತ್ರಿಯಿಡೀ ನಿದ್ದೆಗೆಡುದು ಸಹ ಕೆಲವ್ರಿಗೆ ಆಗುದಿಲ್ಲ.

ಅಟ್ಯಾಕೇ ಬಾರದ ಹಾಗೆ ತಡೆಯುವ ಮದ್ದು ಬೇರೆ ಉಂಟು, ವೆರಾಪಮಿಲ್ ಮುಖ್ಯವಾದದ್ದು. ಬಿಪಿ ಇಲ್ಲದವನಿಗೆ ಬಿಪಿ ಮಾತ್ರೆ ಯಾಕೆ ಅಂತ ಅತ್ತೆಯವ್ರು ನಿಲ್ಲಿಸಿಬಿಡ್ತಾರೆ, ಹಾಗೆ ಮಾಡ್ಬಾರ್ದು, ಇದನ್ನು ಈ ತಲೆನೋವಿಗೇ ಕೊಡುದು. ಡೋಸ್ ಏರಿಸುವಾಗೆಲ್ಲ ಇಸಿಜಿ ಬೇಕು, ಮಲಬದ್ಧತೆ ಆಗ್ತದೆ. ಅದು ಹಿಡಿಯುವ ತನಕ ಕೆಲವು ದಿನ ಸ್ಟೀರಾಯ್ಡ್ ಅಥ್ವಾ ತಲೆಯ ಹಿಂಬದಿಯ ನರಕ್ಕೆ ಇಂಜೆಕ್ಷನ್ ಕೊಡುದುಂಟು.

ಮತ್ತೊಂದು, ಡಾಕ್ಟರ್ ಹತ್ರ ಲೆಟರ್‌ಹೆಡ್‌ನಲ್ಲಿ ಒಂದು ಕಾಗದ ಬರೆಸಿ, ರೋಗದ ಹೆಸ್ರು, ಆಕ್ಸಿಜನ್ ಎಷ್ಟು, ಇಂಜೆಕ್ಷನ್ ಯಾವುದು ಅಂತ. ಅದರ ಅಡಿಯಲ್ಲಿ ಮಲಯಾಳದಲ್ಲೂ ಎರಡು ಸಾಲು ಇರ್ಲಿ. ರಾತ್ರಿ ಕ್ಯಾಶುವಾಲಿಟಿಯಲ್ಲಿ ಕಣ್ಣು ಕೆಂಪಾಗಿ ಒದ್ದಾಡುವವ್ರನ್ನು ನೋಡಿ ಕುಡಿದು ಬಂದಿದ್ದಾರೆ ಅಂತ ತಿಳ್ಕೊಳ್ಳುದೂ ಉಂಟು, ನೀವು ಅಳುತ್ತಾ ವಿವರಿಸುದಕ್ಕಿಂತ ಕಾಗದ ಬೇಗ ಕೆಲಸ ಮಾಡ್ತದೆ. ಆದ್ರೆ ಒಮ್ಮೆಲೇ ಸಿಡಿಲು ಹೊಡೆದ ಹಾಗೆ ಹೊಸ ರೀತಿಯ ನೋವು, ಜ್ವರ ಮತ್ತು ಕುತ್ತಿಗೆ ಬಿಗಿತ, ಕೈಕಾಲು ಸೋತದ್ದು, ಮಾತು ತೊದಲುದು, 50 ವಯಸ್ಸಿನ ಮೇಲೆ ಮೊದಲ ಸಲ ಬಂದದ್ದು, ಇಂಥದ್ದನ್ನು ಕ್ಲಸ್ಟರ್ ಅಂತ ಮನೆಯಲ್ಲಿ ತೀರ್ಮಾನ ಮಾಡ್ಬೇಡಿ, ತಡ ಮಾಡದೆ ಆಸ್ಪತ್ರೆ, ಬೇಕಾದ್ರೆ 108.

ಹೇಳ್ಲಿಕ್ಕೆ ಕಷ್ಟ ಆದ ವಿಷಯ ಇದು. ಈ ನೋವಿನಲ್ಲಿ ಸಾಯ್ಬೇಕು ಅಂತ ಅನಿಸುದು ಅಪರೂಪ ಅಲ್ಲ. ನೋವು ಇಳಿದ ಮೇಲೆ ನೇರವಾಗಿ ಕೇಳಿ, "ಸಾಯುವ ಯೋಚನೆ ಬಂತಾ ನಿಮ್ಗೆ" ಅಂತ, ಕೇಳಿದ್ರಿಂದ ಆ ಯೋಚನೆ ಹುಟ್ಟುದಿಲ್ಲ. ತೋಟಕ್ಕೆ ಬಿಡುವ ವಿಷದ ಮದ್ದಿನ ಕೋಣೆಗೆ ಬೀಗ ಹಾಕಿ ಕೀಲಿ ನಿಮ್ಮ ಹತ್ರ ಇಟ್ಕೊಳ್ಳಿ. ಮನಸ್ಸಿನ ಕಷ್ಟಕ್ಕೆ ಸಹಾಯ ಮಾಡುವ ಫೋನ್ ನಂಬರ್ ಉಂಟು, ಟೆಲಿ ಮಾನಸ್ 14416, ಕೇರಳದ ದಿಶಾ 1056, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬಹುದು, ನಿಮಗೆ ಸಾಕಾಗಿ ಹೋದಾಗ ನೀವೂ ಮಾಡ್ಬಹುದು. ವಾರಕ್ಕೆ ಒಂದೆರಡು ರಾತ್ರಿ ಮೈದುನನೋ ತಮ್ಮನೋ ಬಂದು ಮಲಗ್ಲಿ, ಸಿಲಿಂಡರ್ ತೆರೀಲಿಕ್ಕೆ ಅವ್ರಿಗೂ ಕಲಿಸಿ, ನೀವು ಬೇರೆ ಕೋಣೆಯಲ್ಲಿ ನಿದ್ದೆ ಮಾಡಿ.

ಸೀಸನ್ ಮುಗಿದ್ರೂ ಮಾತ್ರೆ ನೀವಾಗಿ ನಿಲ್ಲಿಸ್ಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸ್ತಾ ಬನ್ನಿ. ಯಾವ ತಿಂಗಳು ಶುರುವಾಯ್ತು, ಯಾವಾಗ ನಿಂತಿತು ಅಂತ ಬರ್ದಿಟ್ಟುಕೊಳ್ಳಿ, ತುಂಬಾ ಜನಕ್ಕೆ ವರ್ಷದ ಅದೇ ಹೊತ್ತಿಗೆ ತಿರುಗಿ ಬರ್ತದೆ, ಆ ತಿಂಗಳಿಗೆ ಮೊದಲೇ ಡಾಕ್ಟರನ್ನು ಕಂಡು, ಇಂಜೆಕ್ಷನಿನ ಎಕ್ಸ್‌ಪೈರಿ ನೋಡಿ, ಸಿಲಿಂಡರ್ ತುಂಬಿಸಿ ತಂದಿಡಿ.