ಹಳೆಯ 9 ಇಂಚಿನ ಪ್ಲೇನರಿನಲ್ಲಿ ಬೆಳಕು ತೂರದ ಗಮ್ ಜೋಡಣೆ: ನನ್ನ ಅನುಭವ

ಆರು ಅಡಿ ಉದ್ದದ ಎರಡು ಹಲಸಿನ ಹಲಗೆಗಳ ಅಂಚನ್ನು ಮಷಿನ್ನಿನಲ್ಲೇ ತೆಗೆದು, ಕೈರಂದ ಮುಟ್ಟಿಸದೆ, ಒಂದರ ಮೇಲೊಂದು ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಎಲ್ಲಿಯೂ ತೂರುವುದಿಲ್ಲ ಎಂದರೆ ನಮ್ಮ ಕಡೆಯ ಮೇಸ್ತ್ರಿಗಳು ಯಾರೂ ನಂಬುತ್ತಿರಲಿಲ್ಲ. ಹೊರದೇಶದ ಹೊಸ ಮಷಿನ್ನಾಗಿದ್ದರೆ ನಂಬುತ್ತಿದ್ದರೋ ಏನೋ. ನನ್ನದು ಮುಚ್ಚಿಹೋದ ಸಾಮಿಲ್ಲೊಂದರ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ, ಬೀಡುಕಬ್ಬಿಣದ 9 ಇಂಚಿನ ಸರ್ಫೇಸ್ ಪ್ಲೇನರ್, ಅಂದರೆ ತಿರುಗುವ ಬ್ಲೇಡುಗಳಿಂದ ಹಲಗೆಯ ಮುಖ, ಅಂಚು ನೇರ ಮಾಡುವ ಮಷಿನ್. ಮೋಟಾರು ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಅದರ ಮೇಲೆ ಗಾರ್ಡ್ (ಬ್ಲೇಡಿಗೆ ಕೈ ತಾಗದಂತೆ ಮುಚ್ಚುವ ಮರೆ) ಹಾಕಿಯೇ ಕೆಲಸ ಮಾಡುತ್ತೇನೆ ಎಂದಾಗಲಂತೂ, ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು, "ಮಾರಾಯ, ಗಾರ್ಡ್ ಹಾಕ್ಕೊಂಡು ರಂದ ಹೊಡಿಯೋದು ಅಂದ್ರೆ ದಿನಕ್ಕೆ ಎರಡು ಹಲಗೆ ಆಗ್ತದೆ ಅಷ್ಟೆ" ಎಂದು ನಕ್ಕಿದ್ದರು. ಈಗ ಅವರ ಹಲಗೆಗಳೇ ನನ್ನ ಶೆಡ್ಡಿಗೆ ಬರುತ್ತಿರುವುದರಿಂದ ಇದನ್ನು ಬರೆಯಲು ಧೈರ್ಯ ಬಂದಿದೆ.

ಮೊದಲು ಕೈ ಹಾಕಿದ್ದು ಕಟ್ಟರ್ ಬ್ಲಾಕಿಗೆ, ಅಂದರೆ ಬ್ಲೇಡುಗಳನ್ನು ಹಿಡಿದು ತಿರುಗುವ ದಿಂಡಿಗೆ. ಮಷಿನ್ನಿನ ಜೊತೆಗೆ ಬಂದದ್ದು ಎರಡು ಬ್ಲೇಡುಗಳ ಚೌಕ ಬ್ಲಾಕ್. ಚೌಕ ಬ್ಲಾಕ್ ತಿರುಗುವಾಗ ಬ್ಲೇಡಿಗೂ ಬೆಡ್ಡಿನ (ಹಲಗೆ ಜಾರುವ ಮೇಜಿನ) ತುಟಿಗೂ ನಡುವೆ ಬೆರಳು ಇಳಿಯುವಷ್ಟು ಸಂದು ಬಾಯಿ ತೆರೆಯುತ್ತದೆ. ಜಾರಿದ ಬೆರಳನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1922ರ ನಿಯಮಗಳಲ್ಲೇ ಕೈಯಿಂದ ಹಲಗೆ ಕೊಡುವ ಪ್ಲೇನರಿಗೆ ದುಂಡು ಬ್ಲಾಕ್ ಕಡ್ಡಾಯ ಮಾಡಿದ್ದರು. ನಮ್ಮ 1948ರ ಕಾರ್ಖಾನೆ ಕಾಯಿದೆಯ 21ನೇ ಕಲಮು ಕೂಡ ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ಮರೆ ಇರಬೇಕು ಎನ್ನುತ್ತಿತ್ತು. ಆದರೆ ಇಬ್ಬರೇ ದುಡಿಯುವ ನನ್ನಂಥವರ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲವಾದ್ದರಿಂದ, ನಮ್ಮ ಬೆರಳಿಗೆ ನಾವೇ ಇನ್‌ಸ್ಪೆಕ್ಟರ್ ಆಗಬೇಕು. ಚೌಕ ಬ್ಲಾಕನ್ನು ಗುಜರಿಗೆ ಹಾಕಿ, ಮೂರು ಬ್ಲೇಡಿನ ದುಂಡು ಬ್ಲಾಕನ್ನು ಹೊಸ ಬೇರಿಂಗುಗಳ ಸಮೇತ ಕೂರಿಸಿದೆ. ಏಳು ಸಾವಿರದಷ್ಟು ಖರ್ಚಾಯಿತು. ಇಡೀ ಕೆಲಸದಲ್ಲಿ ಒಮ್ಮೆಯೂ ಹೊಟ್ಟೆ ಉರಿಯದೆ ಕೊಟ್ಟ ಹಣ ಅದೊಂದೇ.

ಎರಡನೆಯ ತೊಂದರೆ ವೇಗದ್ದು. ಹಳೆಯ ಮೋಟಾರು 1440 ಸುತ್ತಿನದು, ಪುಲ್ಲಿಗಳು ಮೋಟಾರಿನದು 4 ಇಂಚು, ಬ್ಲಾಕಿನದು ಎರಡೂವರೆ ಇಂಚು. ಅಂದರೆ ಬ್ಲಾಕ್ ನಿಮಿಷಕ್ಕೆ 2,300 ಸುತ್ತು ಮಾತ್ರ ತಿರುಗುತ್ತಿತ್ತು. ಎರಡು ಬ್ಲೇಡುಗಳಲ್ಲಿ ಎತ್ತರದಲ್ಲಿರುವುದು ಒಂದೇ ಆದರೆ, ನಿಮಿಷಕ್ಕೆ 5 ಮೀಟರಿನಂತೆ ಹಲಗೆ ಕೊಟ್ಟಾಗ 2 ಮಿ.ಮೀ.ಗೊಂದು ಅಲೆ ಬೀಳುತ್ತದೆ. ಓರೆ ಬೆಳಕಿನಲ್ಲಿ ನೋಡಿದರೆ ಹಲಗೆ ಸುಕ್ಕುಗಟ್ಟಿದಂತೆ ಕಾಣುತ್ತದೆ. ಪಾಲಿಶ್ ಹೊಡೆದ ಮೇಲೆ ಗಿರಾಕಿಗೂ ಕಾಣುತ್ತದೆ. ಪುಲ್ಲಿಗಳನ್ನು ಹಾಗೆಯೇ ಉಳಿಸಿಕೊಂಡು 2880 ಸುತ್ತಿನ 2 ಎಚ್‌ಪಿ ಮೋಟಾರು ಹಾಕಿದ ಮೇಲೆ ವೇಗ 4,600 ದಾಟಿತು. ಮೂರೂ ಬ್ಲೇಡುಗಳು ಸಮನಾಗಿ ಕಡಿದರೆ ಅಲೆಗಳ ನಡುವಿನ ಅಂತರ 0.4 ಮಿ.ಮೀ.ಗಿಂತ ಕಡಿಮೆ. ಇದನ್ನು ಓದಿ ಹಳೆಯ ಬ್ಲಾಕಿಗೇ ಯಾರೂ ವೇಗ ಏರಿಸಬಾರದು. ವೇಗ ಇಮ್ಮಡಿಯಾದರೆ ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟಾಗುತ್ತದೆ. ನನ್ನ ಹೊಸ ಬ್ಲಾಕಿನ ಮೇಲೆ 6,000 ಎಂದು ಗರಿಷ್ಠ ಮಿತಿ ಕೊರೆದಿದ್ದರಿಂದಲೇ ನಾನು ಮುಂದುವರಿದೆ.

ಇಷ್ಟೆಲ್ಲ ಆದರೂ ಜೋಡಣೆ ಕೂರಲಿಲ್ಲ. ಎರಡು ಹಲಗೆ ಸೇರಿಸಿ ಹಿಡಿದರೆ ತುದಿಗಳು ಕಚ್ಚಿಕೊಳ್ಳುತ್ತಿದ್ದವು, ನಡುವೆ ಮಾತ್ರ ಪೋಸ್ಟ್‌ಕಾರ್ಡ್ ತೂರುತ್ತಿತ್ತು. ಕಾರಣ ಬೆಡ್ಡುಗಳದ್ದು. ಬೆಡ್ಡು ಏರಿಳಿಯಲು ಜಾರುವ ಹಳಿ ಸವೆದು ಎರಡೂ ಬೆಡ್ಡುಗಳ ಹೊರತುದಿ ಕೆಳಗೆ ಬಾಗಿದಾಗ ಬ್ಲಾಕಿನ ಜಾಗವೇ ದಿಬ್ಬವಾಗುತ್ತದೆ, ಆ ದಿಬ್ಬದ ಮೇಲೆ ಹಾದ ಅಂಚು ನಡುವೆ ತಗ್ಗಾಗುತ್ತದೆ. ತುದಿಗಳು ಮೇಲೆದ್ದಿದ್ದರೆ ಇದರ ತಿರುಗುಮುರುಗು, ಅಂಚು ಹೊಟ್ಟೆ ಬಿಟ್ಟುಕೊಂಡು ಬರುತ್ತದೆ. ಬೆಡ್ಡುಗಳನ್ನು ಬಿಚ್ಚಿ ಗ್ರೈಂಡಿಂಗಿಗೆ ಕಳುಹಿಸಿದರೆ ಹನ್ನೆರಡು ಸಾವಿರ ಎಂದರು, ಸಾಗಣೆ ಬೇರೆ. ನಾನು ಕಳುಹಿಸಲಿಲ್ಲ.

ಅದರ ಬದಲು, ಕಿಟಕಿ ಮಾಡುವವರಲ್ಲಿ ಸಿಗುವ ಅಲ್ಯುಮಿನಿಯಂ ಚೌಕ ಪೈಪುಗಳ ರಾಶಿಯಲ್ಲಿ ನೇರವಾದುದೊಂದನ್ನು ಹುಡುಕಿದೆ. ಪ್ಲೈವುಡ್ಡಿನ ಮೇಲೆ ಅದರ ಅಂಚಿಗೆ ಗೆರೆ ಎಳೆದು, ಪೈಪನ್ನು ಮಗುಚಿ ಅದೇ ಗೆರೆಯ ಮೇಲೆ ಮತ್ತೆ ಎಳೆದಾಗ ಎರಡೂ ಗೆರೆ ಒಂದಾಗಿ ಬಿದ್ದರೆ ಮಾತ್ರ ಅದು ನೇರ. ಅಂಗಡಿಯ ಮಟ್ಟಗೋಲುಗಳೂ ಈ ಪರೀಕ್ಷೆಯಲ್ಲಿ ಸೋಲುವುದನ್ನು ಕಂಡಿದ್ದೇನೆ. ಆ ಪೈಪನ್ನು ಔಟ್‌ಫೀಡ್ ಬೆಡ್ಡಿನ (ಕಡಿದ ಹಲಗೆ ಹೊರಬರುವ ಕಡೆಯದರ) ಮೇಲಿಟ್ಟು ಇನ್‌ಫೀಡ್ ಬೆಡ್ಡಿನ (ಹಲಗೆ ಕೊಡುವ ಕಡೆಯದರ) ಮೇಲಕ್ಕೆ ಚಾಚಿ, ಉದ್ದಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿದಾಗ ಹೊರತುದಿಯಲ್ಲಿ ಸುಮಾರು 0.4 ಮಿ.ಮೀ. ಸಂದು ಇತ್ತು. ಮೊದಲು ಹಳಿಯೊಳಗೆ ಕಾಗದ ಮಡಿಸಿ ತುರುಕಿ ಸರಿಪಡಿಸಿದೆ. ಬೇಸಿಗೆಯಲ್ಲಿ ಅದು ಸೊಗಸಾಗಿ ಕೆಲಸ ಮಾಡಿತು. ಮಳೆಗಾಲ ಹಿಡಿದ ಕೂಡಲೇ ನಮ್ಮ ಮಲೆನಾಡಿನ ತೇವಕ್ಕೆ ಕಾಗದ ಮೆತ್ತಗಾಗಿ, ಭಾರಕ್ಕೆ ಅಮುಕಿಕೊಂಡು, ಸಂದು ತಿರುಗಿ ಬಂತು. ಆಮೇಲೆ ತಂಪು ಪಾನೀಯದ ಡಬ್ಬಿಯನ್ನು ಕತ್ತರಿಸಿ ಪಟ್ಟಿ ಮಾಡಿದೆ. ಅದರ ಗೋಡೆಯ ದಪ್ಪ 0.1 ಮಿ.ಮೀ. ಆಸುಪಾಸಿನದು, ತೇವ ಕುಡಿಯುವುದಿಲ್ಲ, ಖರ್ಚೂ ಇಲ್ಲ. ಹೊರತುದಿಯ ಕೆಳಗೆ ಎಷ್ಟು ಪಟ್ಟಿ, ಯಾವ ಮೂಲೆಗೆ ಎಂಬುದು ಪ್ರತಿ ಮಷಿನ್ನಿಗೂ ಬೇರೆಯಾದ್ದರಿಂದ ಹಾಕಿ, ಬಿಗಿದು, ಅಳೆದು, ಬಿಚ್ಚುವ ತಾಳ್ಮೆ ಬೇಕು. ಬಿಗಿಯುವ ಮೊದಲು ತೆಗೆದ ಅಳತೆಗೆ ಬೆಲೆ ಇಲ್ಲ.

ಬೆಡ್ಡುಗಳು ಒಂದೇ ಮಟ್ಟಕ್ಕೆ ಬಂದ ಮೇಲೆ ಬ್ಲೇಡ್ ಕೂರಿಸುವುದು. ಇದಕ್ಕೆ ಆಯಸ್ಕಾಂತದ ಸೆಟ್ಟಿಂಗ್ ಪಟ್ಟಿ ತರಿಸಿ ಎರಡು ಸಾವಿರ ಕಳೆದುಕೊಂಡೆ. ಬೋಲ್ಟು ಬಿಗಿಯುವಾಗ ಬ್ಲೇಡು ಕೂದಲೆಳೆಯಷ್ಟು ಮೇಲೇರುವುದನ್ನು ಆಯಸ್ಕಾಂತ ತಡೆಯಲಿಲ್ಲ. ಕೊನೆಗೆ ಗೆದ್ದದ್ದು ಒಂದಡಿಯ ತೇಗದ ಕೋಲು. ಮೇನ್ ಸ್ವಿಚ್ ಆಫ್ ಮಾಡಿ, ಕಿತ್ತ ಪ್ಲಗ್ ಕಣ್ಣೆದುರಿಗೆ ಇಟ್ಟುಕೊಂಡು, ಕೋಲನ್ನು ಔಟ್‌ಫೀಡ್ ಬೆಡ್ಡಿನ ಮೇಲಿಂದ ಬ್ಲಾಕಿನ ಮೇಲಕ್ಕೆ ಚಾಚಿ, ಬೆಡ್ಡಿನ ತುಟಿಗೆ ಸರಿಯಾಗಿ ಕೋಲಿನ ಮೇಲೆ ಪೆನ್ಸಿಲ್ ಗೆರೆ ಹಾಕಿ, ಪುಲ್ಲಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಬ್ಲೇಡು ಕೋಲನ್ನು ಹೊತ್ತು ಸ್ವಲ್ಪ ಮುಂದೆ ಇಡುತ್ತದೆ. 3 ಇಂಚು ವ್ಯಾಸದ ಬ್ಲಾಕಿನಲ್ಲಿ ಕೋಲು 3 ಮಿ.ಮೀ. ಸರಿದರೆ ಬ್ಲೇಡು ಬೆಡ್ಡಿಗಿಂತ ಮೇಲಿರುವುದು 0.03 ಮಿ.ಮೀ. ಮಾತ್ರ, 6 ಮಿ.ಮೀ. ಸರಿದರೆ 0.12 ಮಿ.ಮೀ. ಕಣ್ಣಿಗೆ ಕಾಣದ ಎತ್ತರವನ್ನು ಸ್ಕೇಲಿನಲ್ಲಿ ಓದುವ ಹಾಗೆ ಮಾಡುವ ಈ ಕೋಲಿನ ಎದುರು ನನ್ನ ಡಯಲ್ ಗೇಜ್ ಪೆಟ್ಟಿಗೆ ಸೇರಿದೆ. ಮೂರು ಬ್ಲೇಡುಗಳೂ, ಎರಡೂ ತುದಿಗಳಲ್ಲಿ, ಕೋಲನ್ನು ಒಂದೇ ಅಳತೆಗೆ ಸರಿಸಬೇಕು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಪ್ರತಿ ಸುತ್ತಿಗೂ ಕೋಲನ್ನು ಇಟ್ಟು ನೋಡಬೇಕು. ಬ್ಲಾಕಿನ ಮೈಯಿಂದ ಬ್ಲೇಡು 1 ಮಿ.ಮೀ.ಗಿಂತ ತುಸುವಷ್ಟೇ ಹೊರಗಿರಲಿ. ಬ್ಲೇಡ್ ಬದಲಿಸಿದ ನಂತರ ಮೊದಲ ಸಲ ಚಾಲೂ ಮಾಡುವಾಗ ನಾನು ಪಕ್ಕಕ್ಕೆ ನಿಲ್ಲುತ್ತೇನೆ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಕರೆಂಟು ತೆಗೆದು, ಪ್ರತಿ ಬೋಲ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕುತ್ತೇನೆ.

ಸಾಣೆ ಹಿಡಿಯುವವರ ಬಗ್ಗೆ ಒಂದು ಮಾತು. ಒಂದು ಕಡೆ ಕೊಟ್ಟ ಬ್ಲೇಡುಗಳು ಹೊಳೆಯುತ್ತ ಬಂದವು, ಆದರೆ ಮಷಿನ್ ನಡುಗುತ್ತಿತ್ತು. ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಒಂದು ಬ್ಲೇಡು ಉಳಿದೆರಡಕ್ಕಿಂತ ನಾಲ್ಕೈದು ಗ್ರಾಂ ಕಡಿಮೆ. ಅಂದಿನಿಂದ ಸಾಣೆಯನ್ನು ನಾನೇ ಹಿಡಿಯುತ್ತೇನೆ, ಮೂರನ್ನೂ ಒಂದೇ ತೂಕಕ್ಕೆ ತರುತ್ತೇನೆ. ಹಲಸಿನಂಥ ಅಡ್ಡಾದಿಡ್ಡಿ ಎಳೆಯ ಮರ ಕಿತ್ತು ಬರದಂತೆ ಬ್ಲೇಡಿನ ಮುಖಕ್ಕೆ ಸಣ್ಣದೊಂದು ಓರೆ ಕೊಡುತ್ತೇನೆ ಎಂಬುದನ್ನು ಹೇಳಬಲ್ಲೆ. ಎಷ್ಟು ಓರೆ, ಯಾವ ಹಿಡಿಕೆಯಲ್ಲಿ ಎಂಬುದು ಸದ್ಯಕ್ಕೆ ನನ್ನ ಹೊಟ್ಟೆಪಾಡಿನ ಗುಟ್ಟು.

ಔಟ್‌ಫೀಡ್ ಎತ್ತರವನ್ನು ಅಂತಿಮಗೊಳಿಸಲು ಬೇಡದ ಹಲಗೆಯೊಂದನ್ನು ಓಡಿಸಿದರೆ ಸಾಕು. ಹಲಗೆಯ ಬಾಲ ದಾಟುವಾಗ ಕೊನೆಯ ಒಂದೆರಡು ಇಂಚು ಹೆಚ್ಚು ಕಡಿದರೆ ಬೆಡ್ಡು ಕೆಳಗಿದೆ, ಹಲಗೆಯ ಮೂತಿ ತುಟಿಗೆ ಬಡಿದರೆ ಮೇಲಿದೆ. ಫೆನ್ಸಿನ (ಹಲಗೆ ಒರಗಿ ಜಾರುವ ನಿಂತ ಪಟ್ಟಿಯ) 90 ಡಿಗ್ರಿಗೆ ಮೂಲೆಮಟ್ಟ ಹಿಡಿಯುವುದು ಎಲ್ಲರಿಗೂ ಗೊತ್ತು. ಆದರೂ ಜೋಡಿ ಹಲಗೆಗಳಲ್ಲಿ ಒಂದರ ಮುಖ ಫೆನ್ಸಿಗೆ, ಇನ್ನೊಂದರ ಬೆನ್ನು ಫೆನ್ಸಿಗೆ ಕೊಟ್ಟು ಅಂಚು ತೆಗೆದರೆ, ಕಾಲು ಡಿಗ್ರಿ ತಪ್ಪಿದ್ದರೂ ಒಂದರ ಓರೆಯನ್ನು ಇನ್ನೊಂದು ನುಂಗುತ್ತದೆ, ಜೋಡಣೆ ಸಮತಟ್ಟಾಗಿಯೇ ಬರುತ್ತದೆ.

ಗಾರ್ಡಿನ ವಿಷಯ. ಮಷಿನ್ನಿನ ಜೊತೆ ಗಾರ್ಡ್ ಇರಲೇ ಇಲ್ಲ. ದಪ್ಪ ಅಲ್ಯುಮಿನಿಯಂ ಪಟ್ಟಿಯೊಂದನ್ನು ಬ್ಲಾಕಿನ ಪೂರ್ತಿ ಅಗಲಕ್ಕೆ ಸೇತುವೆಯಂತೆ ಚಾಚಿ, ಬೆಡ್ಡಿನ ಪಕ್ಕಕ್ಕೆ ಕೂರಿಸಿದ ಕಂಬದಲ್ಲಿ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಯುವಂತೆ ಚಿಟ್ಟೆ ನಟ್ಟಿನಿಂದ ಬಿಗಿದಿದ್ದೇನೆ. ಹದಿನೈದು ನೂರು ರೂಪಾಯಿ ಬಿದ್ದಿರಬಹುದು. ಮುಖ ತೆಗೆಯುವಾಗ ಹಲಗೆ ಅದರ ಅಡಿಯಲ್ಲಿ ಹೋಗುತ್ತದೆ, ಕೈ ಅದರ ಮೇಲಿಂದ ದಾಟುತ್ತದೆ. ಅಂಚು ತೆಗೆಯುವಾಗ ಪಟ್ಟಿಯನ್ನು ಹಲಗೆಯ ಮೈಗೆ ತಾಗುವಷ್ಟು ಹತ್ತಿರ ಸರಿಸಿ, ಬೆಡ್ಡಿನ ಮಟ್ಟಕ್ಕೆ ಇಳಿಸುತ್ತೇನೆ. ಫೆನ್ಸ್ ಮುಂದಕ್ಕೆ ಬಂದಾಗ ಅದರ ಹಿಂದೆ ತೆರೆದುಕೊಳ್ಳುವ ಬ್ಲಾಕಿನ ಭಾಗವನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹೊಟ್ಟು ಗುಡಿಸಲು ಕೈ ಹೋಗುವುದು ಅಲ್ಲಿಗೇ. ಫೆನ್ಸಿಗೇ ತಗಡು ಹೊಡೆದು ಅದನ್ನೂ ಮುಚ್ಚಿದ್ದೇನೆ. ಕೆಲಸ ನಿಧಾನವಾಗುತ್ತದೆ ಎಂಬ ಮಾತಿಗೆ ನನ್ನ ಉತ್ತರವೆಂದರೆ, ಎರಡು ಪುಶ್ ಬ್ಲಾಕ್ (ಹಲಗೆಯನ್ನು ಒತ್ತಿ ತಳ್ಳುವ ಹಿಡಿ) ಹಿಡಿದು ಒತ್ತಡವನ್ನು ಔಟ್‌ಫೀಡ್ ಕಡೆಗೆ ದಾಟಿಸಿಕೊಂಡು ಹೋಗುವ ಅಭ್ಯಾಸವಾದ ಮೇಲೆ, ಒಂದು ಬಾಗಿಲಿನ ಸಾಮಾನು ಮೊದಲಿಗಿಂತ ಬೇಗ ಮುಗಿಯುತ್ತಿದೆ. ಹೆದರಿಕೆಯಿಲ್ಲದ ಕೈ ಹಲಗೆಯನ್ನು ಒಂದೇ ವೇಗದಲ್ಲಿ ತಳ್ಳುತ್ತದೆ. ಒಂದಡಿಗಿಂತ ಗಿಡ್ಡ ತುಂಡನ್ನು ಈ ಮಷಿನ್ನಿಗೆ ಕೊಡುವುದಿಲ್ಲ, ಅದಕ್ಕೆ ಕೈರಂದವೇ ಸರಿ. ಒಂದು ಸಲಕ್ಕೆ 1 ಮಿ.ಮೀ.ಗಿಂತ ಹೆಚ್ಚು ತೆಗೆಯುವುದಿಲ್ಲ. ಕೈಗವಸು, ಹೆಗಲ ಮೇಲಿನ ಟವೆಲ್, ತುಂಬುತೋಳಿನ ಸಡಿಲ ಅಂಗಿ ಶೆಡ್ಡಿನ ಬಾಗಿಲಲ್ಲೇ ಉಳಿಯಬೇಕು.

ಗಾರ್ಡಿನಷ್ಟೇ ಮುಖ್ಯವೆಂದು ನಾನು ಎಣಿಸುವುದು ಸ್ಟಾರ್ಟರನ್ನು. ನಮ್ಮಲ್ಲಿ ಕರೆಂಟು ಹೋಗುವುದೂ ಬರುವುದೂ ಹೇಳಿ ಕೇಳಿ ಅಲ್ಲ. ಸಾದಾ ಸ್ವಿಚ್ ಇದ್ದರೆ, ಕರೆಂಟು ಹೋದಾಗ ಆಫ್ ಮಾಡಲು ಮರೆತು ಬ್ಲಾಕಿನ ಹೊಟ್ಟು ತೆಗೆಯುತ್ತಿರುವ ಹೊತ್ತಿಗೆ ಕರೆಂಟು ಬಂದರೆ ಏನಾಗುತ್ತದೆ ಎಂಬುದನ್ನು ಬರೆಯಬೇಕಾಗಿಲ್ಲ. ನೋ-ವೋಲ್ಟ್ ಕಾಯಿಲ್ (ಕರೆಂಟು ಹೋದೊಡನೆ ಸ್ವಿಚ್ಚನ್ನು ತಾನೇ ಬಿಡಿಸುವುದು) ಇರುವ ಡಿಒಎಲ್ (ಡೈರೆಕ್ಟ್ ಆನ್ ಲೈನ್) ಸ್ಟಾರ್ಟರ್ ಹಾಕಿದರೆ, ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೂ ಮಷಿನ್ ಹೊರಡುವುದಿಲ್ಲ. ನನಗೆ ಎರಡೂವರೆ ಸಾವಿರದೊಳಗೆ ಬಂತು, ಸಂಜೆ ವೋಲ್ಟೇಜ್ ಬಿದ್ದಾಗ ಮೋಟಾರು ಸುಡದಂತೆಯೂ ಅದರ ಓವರ್‌ಲೋಡ್ ರಿಲೇ ಕಾಯುತ್ತದೆ.

ಈ ನಡುವೆ ತೆಂಗಿನ ಮರದ ಪ್ರಯೋಗವೂ ನಡೆಯಿತು. ಮುದಿ ತೆಂಗಿನ ಹೊರಭಾಗದ ಹಲಗೆ ನೋಡಲು ಬಹಳ ಚೆಂದ. ಆದರೆ ಹೊಸ ಸಾಣೆಯ ಬ್ಲೇಡು ನಾಲ್ಕೈದು ಹಲಗೆಗೆಲ್ಲ ಮೊಂಡಾಗಿ, ನಾರು ಸೀಳಿಕೊಂಡು ಏಳತೊಡಗಿತು. ಕಾರ್ಬೈಡ್ ಬ್ಲೇಡ್ ಹಾಕಿದರೆ ನಡೆಯಬಹುದಾದರೂ ಅದರ ಬೆಲೆಗೆ ತೆಂಗಿನ ಹಲಗೆಯ ಗಿರಾಕಿ ಸಿಗಬೇಕಲ್ಲ. ಹಳೆಯ ಮನೆಗಳ ತೇಗದಲ್ಲಿ ಬೇರೆಯದೇ ತಾಪತ್ರಯ. ಮೊಳೆ ಎಲ್ಲಿ ಮುರಿದು ಕೂತಿದೆ ಎಂದು ಆಯಸ್ಕಾಂತ ಆಡಿಸಿ ನೋಡಿಯೇ ಹಲಗೆ ಕೊಡುತ್ತೇನೆ. ಅಷ್ಟಾಗಿಯೂ ಬ್ಲೇಡಿನಲ್ಲಿ ಹಲ್ಲು ಬಿದ್ದರೆ ಕೂಡಲೇ ಸಾಣೆಗೆ ಓಡುವುದಿಲ್ಲ. ಮೂರರಲ್ಲಿ ಒಂದು ಬ್ಲೇಡನ್ನು ಒಂದು ಮಿ.ಮೀ.ನಷ್ಟು ಪಕ್ಕಕ್ಕೆ ಸರಿಸಿ ಬಿಗಿದರೆ, ಹಲಗೆಯ ಮೇಲೆ ಉಳಿಯುತ್ತಿದ್ದ ಗೆರೆಯನ್ನು ಅದು ಅಳಿಸುತ್ತದೆ.

ಎಲ್ಲ ಸೇರಿ ನಲವತ್ತೈದು ಸಾವಿರದ ಒಳಗೆ ಮುಗಿಯಿತು. ಆಗ ನನಗೆ ತೋರಿಸಿದ್ದ ಹೊಸ ಮಷಿನ್ನಿನ ಬೆಲೆ ಒಂದೂವರೆ ಲಕ್ಷದ ಮೇಲಿತ್ತು. ನನ್ನ ಹಳೆಯ ಮಷಿನ್ನಿನಲ್ಲಿ ಮಾಡಿದ ಮೊದಲ ಊಟದ ಮೇಜು ಐದು ಹಲಸಿನ ಹಲಗೆಗಳದ್ದು, ಬರೀ ಫೆವಿಕಾಲಿನ ಜೋಡಣೆ, ಒಳಗೆ ಗೂಟವಿಲ್ಲ. ಎರಡು ಮಳೆಗಾಲ ದಾಟಿದ ಮೇಲೆ ನೋಡಲು ಹೋದಾಗ ಒಂದು ಜೋಡಣೆಯೂ ಬಾಯಿ ಬಿಟ್ಟಿರಲಿಲ್ಲ, ಮನೆಯವರು ಅದೇ ಅಳತೆಯ ಇನ್ನೊಂದಕ್ಕೆ ಮುಂಗಡ ಕೊಟ್ಟರು.