ಹೊಳೆಯೋ ವ್ಯಾಂಪೈರ್‌ನ ಅಣಕಿಸಿ 24 ಪುಟದ ಕಾಮಿಕ್ ಬರೆದಿದ್ದು – ನನ್ನ ಅನುಭವ

2009ರಲ್ಲಿ ಮೈಸೂರಲ್ಲಿ ಇಂಜಿನಿಯರಿಂಗ್ ಓದೋವಾಗ ನಮ್ ಹಾಸ್ಟೆಲ್ಲಿಗೆಲ್ಲ ಸೇರಿ ಟ್ವೈಲೈಟ್ ಪುಸ್ತಕದ (ಸ್ಟೆಫನಿ ಮೇಯರ್ ಬರೆದಿದ್ದು, ಬೆಲ್ಲಾ ಅನ್ನೋ ಹೈಸ್ಕೂಲ್ ಹುಡುಗಿಗೂ ವಯಸ್ಸೇ ಆಗದ ಎಡ್ವರ್ಡ್ ಅನ್ನೋ ವ್ಯಾಂಪೈರ್‌ಗೂ, ಅಂದ್ರೆ ರಕ್ತ ಕುಡಿಯೋ ಪಿಶಾಚಿಗೂ, ಪ್ರೀತಿ ಹುಟ್ಟೋ ಕಥೆ) ಒಂದೇ ಒಂದು ಕಾಪಿ ಇತ್ತು, ಅದು ರೂಮಿಂದ ರೂಮಿಗೆ ಓಡಾಡಿ ಬೈಂಡಿಂಗ್ ಕಿತ್ತೋಗಿ ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ವಿ. ನನ್ ಸರದಿ ಬಂದಾಗ ಎರಡೇ ರಾತ್ರೀಲಿ ಮುಗಿಸ್ದೆ. ಇದನ್ನ ಮೊದ್ಲೇ ಯಾಕೆ ಹೇಳ್ತಿದೀನಿ ಅಂದ್ರೆ, ಅಣಕ ಕಾಮಿಕ್ ಮಾಡ್ದೆ ಅಂದ ತಕ್ಷಣ ನಂಗೆ ಆ ಕಥೆ ಕಂಡ್ರೆ ಆಗಲ್ಲ ಅಂತ ಎಲ್ರೂ ಅನ್ಕೋತಾರೆ, ಹಾಗಲ್ಲ, ಇಷ್ಟ ಇದ್ದಿದ್ದಕ್ಕೇ ಒಂದೊಂದು ಸೀನೂ ಬಾಯಿಪಾಠ ಆಗಿತ್ತು.

ಆಗ ಬಂದ ಅಣಕಗಳಲ್ಲಿ ನಂಗೆ ಬೇಜಾರಾಗ್ತಿದ್ದಿದ್ದು ಒಂದೇ, ತುಂಬಾ ಜನ ಕಥೆ ಬಿಟ್ಟು ಅದನ್ನ ಓದೋ ಹುಡುಗೀರನ್ನೇ ನಗೆಪಾಟಲು ಮಾಡ್ತಿದ್ರು. ನಾನು ಬರೆದ್ರೆ ಹೀಗೆ ಬರೆಯಲ್ಲ ಅಂತ ಅವತ್ತೇ ಅನ್ಕೊಂಡಿದ್ದೆ. ಬರೆದಿದ್ದು ಮಾತ್ರ ಸಿಯಾಟಲ್‌ಗೆ ಬಂದ್ಮೇಲೆ.

ಶುರು ಮಾಡ್ದಾಗ ಕಥೇನ ಆಗುಂಬೆಗೆ ತಂದಿದ್ದೆ. ಮೂಲ ಕಥೆ ನಡೆಯೋ ಅಮೆರಿಕದ ಊರು ಫೋರ್ಕ್ಸ್‌ನಲ್ಲೂ ಮಳೆ ಆಗುಂಬೇಲೂ ಮಳೆ, ಹುಡುಗಿ ಪಕ್ಕದಲ್ಲಿ ಕೆಮ್ತಾ ಮಲಗಿರೋ ಅಜ್ಜಿ, ಓದ್ದೋರೆಲ್ಲ ನಕ್ರು, ಆದ್ರೆ ಮೂರು ಪುಟ ಆಗೋಷ್ಟರಲ್ಲಿ ಅದು ಬೇರೇನೇ ಕಥೆ ಆಗೋಯ್ತು. ನಗು ಬರ್ತಿದ್ದಿದ್ದು ಅಜ್ಜಿಯಿಂದ, ಮೂಲ ಕಥೆ ಬಗ್ಗೆ ನಾನು ಏನೂ ಹೇಳ್ತಾನೇ ಇರ್ಲಿಲ್ಲ. ಹರಿದು ಹಾಕ್ದೆ. ಕಾನೂನು ಓದ್ದಾಗ್ಲೂ ಅದೇ ಸಿಕ್ತು, ಅಮೆರಿಕದ ಸುಪ್ರೀಂ ಕೋರ್ಟು 1994ರಲ್ಲಿ ಒಂದು ರಾಪ್ ಹಾಡಿನ ಕೇಸಲ್ಲಿ ಅಣಕವೂ ಫೇರ್ ಯೂಸ್ (ಅನುಮತಿ ಕೇಳದೇ ಬೇರೆಯವರ ಕೃತಿ ಬಳಸೋಕೆ ಕಾನೂನು ಕೊಡೋ ಅವಕಾಶ) ಆಗಬಹುದು ಅಂತ ಹೇಳಿದೆ, ಆದ್ರೆ ಅದು ಮೂಲ ಕೃತಿ ಬಗ್ಗೇನೇ ಮಾತಾಡ್ತಿರ್ಬೇಕು, ಸುಮ್ನೆ ಅದರ ಹೆಸರಿನ ಬೆನ್ನೇರಿ ಗಮನ ಸೆಳೆಯೋದಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಲ್ಲಿ ವಿಮರ್ಶೆಗೆ ಅವಕಾಶ ಇದೆ, ಅಣಕ ಅನ್ನೋ ಪದ ಇಲ್ಲ. ಅದಕ್ಕೇ ಮೂಲದ ಒಂದು ವಾಕ್ಯಾನೂ ಎತ್ಕೊಳ್ಳಲಿಲ್ಲ, ಯಂಗ್ ಕಿಮ್ ಚಿತ್ರ ಬರೆದಿರೋ 2010ರ ಅಧಿಕೃತ ಗ್ರಾಫಿಕ್ ನಾವೆಲ್ ಪಕ್ಕದಲ್ಲಿಟ್ಕೊಂಡು ನೋಡ್ದೆ, ಟ್ರೇಸ್ ಮಾಡ್ಲಿಲ್ಲ.

ಆಮೇಲೆ ಫೋರ್ಕ್ಸ್‌ಗೇ ಹೋದೆ. ಸ್ಟೆಫನಿ ಮೇಯರ್ ಆ ಊರನ್ನ ಕಣ್ಣಲ್ಲಿ ನೋಡದೇ, ಜಾಸ್ತಿ ಮಳೆ ಬೀಳೋ ಜಾಗ ಯಾವ್ದು ಅಂತ ಇಂಟರ್ನೆಟ್ಟಲ್ಲಿ ಹುಡುಕಿ ಆರಿಸ್ಕೊಂಡಿದ್ದು. ನಾನು ಎರಡು ದಿನ ಅಲ್ಲಿದ್ದು ಪಾಚಿ ಮೆತ್ಕೊಂಡಿರೋ ಮರಗಳು, ವಿಸಿಟರ್ ಸೆಂಟರ್ ಹತ್ರ ನಿಲ್ಸಿರೋ ಹಳೇ ಕೆಂಪು ಟ್ರಕ್ಕು ಎಲ್ಲಾ ಸ್ಕೆಚ್ ಮಾಡ್ಕೊಂಡೆ. ಹಿನ್ನೆಲೆ ನಿಜ ಅನ್ನಿಸಿದ್ರೇನೇ ಮುಂದೆ ನಿಂತಿರೋನು ವಿಚಿತ್ರ ಅನ್ನಿಸೋದು.

ತುಂಬಾ ಕಷ್ಟ ಕೊಟ್ಟಿದ್ದು ಬಿಸಿಲಲ್ಲಿ ಎಡ್ವರ್ಡ್‌ನ ಮೈ ಹೊಳೆಯೋದು. ಕಪ್ಪು ಬಿಳುಪಲ್ಲಿ ಹೊಳಪು ಹೆಂಗೆ ತರೋದು? ಬಿಳಿ ಜೆಲ್ ಪೆನ್ನಲ್ಲಿ ಚುಕ್ಕೆ ಇಟ್ಟೆ, ಸಿಡುಬು ಎದ್ದೋರ ಥರ ಕಾಣ್ತು. ಹಳೇ ಟೂತ್‌ಬ್ರಷ್ಷಲ್ಲಿ ಬಿಳಿ ಇಂಕು ಚಿಮುಕಿಸ್ದೆ, ಹಿಮ ಬಿದ್ದಂಗಾಯ್ತು. ಒಂದು ವಾರ ಒದ್ದಾಡಿದ್ಮೇಲೆ ಅವನನ್ನ ಬರೆಯೋದೇ ಬಿಟ್ಟೆ, ಪ್ಯಾನೆಲ್ (ಕಾಮಿಕ್ ಪುಟದ ಒಂದು ಚಿತ್ರದ ಚೌಕ) ಪೂರ್ತಿ ಖಾಲಿ ಬಿಳಿ, ಅದರ ಸುತ್ತ ಕಣ್ಣಿಗೆ ಕೈ ಅಡ್ಡ ಹಿಡಿದಿರೋ ಜನ, ದಾರಿ ತಪ್ಪಿದ ಹಕ್ಕಿಗಳು, ದೂರದ ಸಮುದ್ರದಲ್ಲಿ ದೀಪಸ್ತಂಭ ಅಂತ ತಿಳ್ಕೊಂಡು ತಿರುಗ್ತಿರೋ ಹಡಗು. ಹೊಳಪು ತಾನಾಗೇ ಬಂತು. ಅಂದಹಾಗೆ, ವ್ಯಾಂಪೈರ್ ಬಿಸಿಲಿಗೆ ಸಾಯ್ಬೇಕು, ಹೊಳೆಯೋದು ಸಂಪ್ರದಾಯಕ್ಕೆ ದ್ರೋಹ ಅಂತ ಬೈತಾರಲ್ಲ, ನಾನು ಅದನ್ನ ಒಪ್ಪಲ್ಲ. ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿಯ ವ್ಯಾಂಪೈರ್ ಡ್ರಾಕುಲ ಹಗಲಲ್ಲೇ ಓಡಾಡ್ತಾನೆ, ಶಕ್ತಿ ಕಮ್ಮಿ ಇರತ್ತೆ ಅಷ್ಟೇ, ಬಿಸಿಲಿಗೆ ಸಾಯೋದು ಬಂದಿದ್ದು 1922ರ ನೊಸ್ಫೆರಾಟು ಸಿನಿಮಾದಿಂದ.

ಕಾಮಿಕ್‌ನಲ್ಲಿ ನಗು ಬರೋದು ಪುಟ ತಿರುವೋವಾಗ. ಬಲಗಡೆ ಪುಟದ ಕೊನೇ ಪ್ಯಾನೆಲ್ಲಲ್ಲಿ ಆಸೆ ಹುಟ್ಟಿಸ್ಬೇಕು, ತಿರುವಿದ್ರೆ ಎಡಗಡೆ ಪುಟದಲ್ಲಿ ಸಿಡೀಬೇಕು. ಅವ್ನು ರಾತ್ರಿ ಕಿಟಕೀಲಿ ಬಂದು ಅವಳು ನಿದ್ದೆ ಮಾಡೋದನ್ನ ನೋಡ್ತಾ ಕೂರೋ ಸೀನು ಹತ್ತೊಂಬತ್ತನೇ ವಯಸ್ಸಲ್ಲಿ ನಂಗೆ ಎಷ್ಟು ರೊಮ್ಯಾಂಟಿಕ್ ಅನ್ಸಿತ್ತೋ, ಮೂವತ್ತು ದಾಟಿದ್ಮೇಲೆ ಅಷ್ಟೇ ಭಯ ಆಯ್ತು. ಬಲಗಡೆ ಬೆಳದಿಂಗಳು, ಕಿಟಕಿ, ಅವನ ಮುಖ, ಎಲ್ಲಾ ಆದಷ್ಟು ಸುಂದರವಾಗಿ ಬರೆದೆ. ತಿರುವಿದ್ರೆ ಇಡೀ ಪುಟ ಒಂದು ಪೊಲೀಸ್ ಕಂಪ್ಲೇಂಟ್ ಫಾರಂ, ತುಂಬ್ತಿರೋದು ಅವಳಪ್ಪ, ಅವ್ರು ಊರಿನ ಪೊಲೀಸ್ ಮುಖ್ಯಸ್ಥರಲ್ವಾ. ಆರೋಪಿ ಹುಟ್ಟಿದ ವರ್ಷ: 1901. ಉದ್ಯೋಗ: ಹೈಸ್ಕೂಲ್ ವಿದ್ಯಾರ್ಥಿ. ಮನೆಯೊಳಗೆ ಬಂದ ಕಾರಣ: ಪ್ರೀತಿ.

ಲೆಟರಿಂಗ್, ಅಂದ್ರೆ ಮಾತುಗಳ ಅಕ್ಷರ ಬರೆಯೋದು, ಕೈಯಲ್ಲೇ ಮಾಡ್ದೆ. ಕನ್ನಡಕ್ಕೆ ಒತ್ತಕ್ಷರ ಇಳಿಯೋಕೆ ಕೆಳಗೆ ಜಾಗ ಬೇಕು, ಗುಡಿಸಿಗೆ ಮೇಲೆ ಜಾಗ ಬೇಕು, ಇಂಗ್ಲಿಷ್ ಮಾತಿನ ಬಲೂನ್ ಅಳತೇಲಿ ಹಾಕಿದ್ರೆ ಸಾಲುಗಳು ಒಂದಕ್ಕೊಂದು ಸಿಕ್ಕಾಕ್ಕೊಳ್ತವೆ. ಅದಕ್ಕೆ ಮೊದ್ಲು ಮಾತು ಬರೆದು ಆಮೇಲೆ ಅದರ ಸುತ್ತ ಬಲೂನ್ ಎಳೀತಿದ್ದೆ. ಬರೆದಿದ್ದು ಎ4ನಲ್ಲಿ, ಪ್ರಿಂಟ್ ಎ5. ಮಧ್ಯ ಪಿನ್ ಹೊಡೆಯೋದಾದ್ರೆ ಪುಟ ನಾಲ್ಕರ ಲೆಕ್ಕದಲ್ಲೇ ಇರ್ಬೇಕು, ನಂದು 22 ಇತ್ತು.

ಆ ಎರಡು ಪುಟ ಸೇರಿಸ್ಬೇಕಾಗಿ ಬಂದಿದ್ದಕ್ಕೇ ನಂಗೆ ತುಂಬಾ ಇಷ್ಟವಾದ ಪುಟ ಹುಟ್ಟಿದ್ದು. ಒಂದೇ ಅಳತೆ 12 ಪ್ಯಾನೆಲ್, 12 ಸ್ಕೂಲು, ಮೇಷ್ಟ್ರು ಹಾಜರಿ ಕರೀತಾರೆ, ಅವ್ನು ಅದೇ ಬೇಜಾರು ಮುಖದಲ್ಲಿ ಹಾಜರ್ ಸಾರ್ ಅಂತಾನೆ. ಅಕ್ಕಪಕ್ಕದೋರ ಕೂದಲು, ಬಟ್ಟೆ, ಬೋರ್ಡು ಬದಲಾಗ್ತವೆ, ಅವ್ನು ಬದಲಾಗಲ್ಲ. ಜೋಕಿಗೆ ಅಂತ ಶುರು ಮಾಡಿದ್ದು, ಆದ್ರೆ ಎಂಟು ಒಂಬತ್ತನೇ ಪ್ಯಾನೆಲ್ ಬರೆಯೋಷ್ಟರಲ್ಲಿ ನಂಗೇ ಸಂಕಟ ಆಗೋಕೆ ಶುರುವಾಯ್ತು, ಎಷ್ಟು ಜನ ಪಕ್ಕದಲ್ಲಿ ಕೂತು ಎದ್ದು ಹೋದ್ರು ಅಂತ. ಆರನೇ ಪ್ಯಾನೆಲ್ಲಲ್ಲಿ ಅವನ ಪಕ್ಕ ಕೂತಿರೋ ಹುಡುಗನಿಗೆ ಕಿವಿ ಹತ್ರ ಒಂದು ಮಚ್ಚೆ ಇಟ್ಟೆ, ಹನ್ನೆರಡನೇದರಲ್ಲಿ ಹಾಜರಿ ಕರೆಯೋ ಬಿಳಿಗೂದಲಿನ ಮೇಷ್ಟ್ರಿಗೂ ಅದೇ ಮಚ್ಚೆ. ಯಾರಿಗೂ ಹೇಳ್ಲಿಲ್ಲ.

60 ಕಾಪಿ ಪ್ರಿಂಟ್ ಹಾಕ್ಸಿ ಹಾಸ್ಟೆಲ್ ಫ್ರೆಂಡ್ಸಿಗೆಲ್ಲ ಪೋಸ್ಟ್ ಮಾಡ್ದೆ. ತಿಂಗಳಾದ್ಮೇಲೆ ಒಂದಿನ ರಾತ್ರಿ ರೂಮ್‌ಮೇಟ್ ಫೋನು, ರಬ್ಬರ್ ಬ್ಯಾಂಡ್ ಹಾಕಿದ್ದೋಳು ಅವಳೇ. ಹಲೋನೂ ಇಲ್ಲ ಏನೂ ಇಲ್ಲ, "ಲೇ, ಆ ಮೇಷ್ಟ್ರು ಅವನ ಪಕ್ಕ ಕೂತಿದ್ದ ಹುಡುಗನೇ ಅಲ್ವೇನೇ?" ಅಂದ್ಳು.