ಆಶ್ ಮರದ ಉದ್ದ ಬಿಲ್ಲು: ನನ್ನ ಅನುಭವ

ಉದ್ದ ಬಿಲ್ಲು ಎಂದರೆ ಯುರೋಪಿನ ಸೂಚಿಪರ್ಣಿ ಮರವಾದ ಯೂದ್ದೇ ಆಗಿರಬೇಕು ಎನ್ನುವವರಿದ್ದಾರೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆ ಬಂದ ಇಂಗ್ಲೆಂಡಿನ ‘ಮೇರಿ ರೋಸ್’ ಹಡಗಿನ ಅವಶೇಷಗಳಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಬಿಲ್ಲುಗಳು ಯೂ ಮರದವು. ಯೂ ಮರದ ಹೊರಗಿನ ಬಿಳಿ ಭಾಗ ಎಳೆತವನ್ನು ತಾಳುತ್ತದೆ, ಒಳಗಿನ ಚೇಗು ಒತ್ತಡವನ್ನು ತಾಳುತ್ತದೆ. ಆದರೆ ಗಂಟಿಲ್ಲದ ನೇರ ಯೂ ಅಪರೂಪ. ನಾನು ಅಗಲ ಎಲೆಯ ಗಟ್ಟಿಮರವಾದ ಆಶ್ ಆರಿಸಿಕೊಂಡೆ.

ದಿಮ್ಮಿಯನ್ನು ಕೊಯ್ಯಲಿಲ್ಲ, ಬೆಣೆ ಹೊಡೆದು ಸೀಳಿದೆ. ಗರಗಸ ತನಗೆ ತೋರಿದ ದಾರಿಯಲ್ಲಿ ಹೋಗುತ್ತದೆ, ಬೆಣೆ ಮರದ ನಾರು ಹೋದ ದಾರಿಯಲ್ಲೇ ಹೋಗುತ್ತದೆ. ತುದಿಗಳು ಬೇಗ ಒಣಗಿ ಬಿರುಕು ಬಿಡದಂತೆ ಅಂಟು ಬಳಿದು, ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುವವರೆಗೆ ನೆರಳಿನಲ್ಲಿಟ್ಟೆ. ಹಸಿ ಮರದ ಬಿಲ್ಲು ಬಾಗಿದಂತೆಯೇ ಉಳಿದುಬಿಡುತ್ತದೆ.

ಗುರಿಯ ಕಡೆಗಿರುವ ಮೈ ಬಿಲ್ಲಿನ ಬೆನ್ನು, ನಮ್ಮ ಕಡೆಯದು ಹೊಟ್ಟೆ. ಬೆನ್ನಿನ ಉದ್ದಕ್ಕೂ ಒಂದೇ ಬೆಳವಣಿಗೆಯ ಉಂಗುರ ಅಖಂಡವಾಗಿರಬೇಕು. ಒಂದೆಡೆ ನಾರು ಕಡಿದರೂ ಬಿಲ್ಲು ಅಲ್ಲಿಂದಲೇ ಸೀಳುತ್ತದೆ. ಆದ್ದರಿಂದ ತೊಗಟೆಯನ್ನು ಎಚ್ಚರದಿಂದ ಬಿಡಿಸಿ, ಅದರಡಿಯ ಉಂಗುರವನ್ನೇ ಬೆನ್ನಾಗಿ ಉಳಿಸಿಕೊಂಡೆ. ಅದು ಏರುತಗ್ಗಾಗಿದ್ದರೂ ನಯ ಮಾಡಲು ಹೋಗಲಿಲ್ಲ. ಮುಂದಿನ ಕೆತ್ತನೆಯೆಲ್ಲ ಹೊಟ್ಟೆ ಮತ್ತು ಪಕ್ಕಗಳಲ್ಲೇ. ಯೂ ಬಿಲ್ಲಿಗೆ ದುಂಡು ಹೊಟ್ಟೆ ಒಪ್ಪುತ್ತದೆ. ಆಶ್ ಒತ್ತಡಕ್ಕೆ ಅಷ್ಟು ಗಟ್ಟಿಯಲ್ಲ, ಹಾಗಾಗಿ ಹಿಡಿಯ ಎರಡೂ ಕಡೆಯ ತೋಳುಗಳನ್ನು ತುಸು ಅಗಲವಾಗಿಸಿ ಹೊಟ್ಟೆಯನ್ನು ಚಪ್ಪಟೆ ಇಟ್ಟೆ.

ಬಿಲ್ಲು ಹುಟ್ಟುವುದು ಬಾಗು ತಿದ್ದುವಾಗ. ಆರು ಅಡಿಯ ಕೋಲಿಗೆ ಮೊದಲು ಸಡಿಲವಾದ ಉದ್ದ ಹೆದೆ ಕಟ್ಟಿ, ಗೋಡೆಯ ಆಧಾರದ ಮೇಲೆ ಕೂರಿಸಿ, ಹಗ್ಗ ಮತ್ತು ರಾಟೆಯಿಂದ ಎಳೆದು ದೂರ ನಿಂತು ನೋಡಬೇಕು. ಎರಡು ತೋಳುಗಳೂ ಸಮನಾಗಿ ಬಾಗುತ್ತಿವೆಯೇ? ಎಲ್ಲಿ ಬಿಗಿಯಾಗಿದೆಯೋ ಅಲ್ಲಿ ಮಾತ್ರ ಹೆರೆಯಬೇಕು. ಹೆಚ್ಚು ಬಾಗುವ ಜಾಗವನ್ನು ಮುಟ್ಟಲೇಬಾರದು.

ಕಣ್ಣಿಗೆ ಸಿಗದ ಬಿಗಿ ಜಾಗವನ್ನು ಹಿಡಿಯಲು ಒಂದು ಸರಳ ಉಪಾಯವಿದೆ. ಗೇಣುದ್ದದ ನೇರ ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲ್ ಸಿಕ್ಕಿಸಿದೆ. ಹೆದೆಯೇರಿಸಿದ ಬಿಲ್ಲಿನ ಹೊಟ್ಟೆಯಲ್ಲಿ ಹೆಚ್ಚು ಬಾಗಿದ ಕಡೆ ಅದನ್ನಿಟ್ಟು, ಪೆನ್ಸಿಲ್ ಮೊನೆ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ ಹೊಂದಿಸಿದೆ. ತೋಳಿನುದ್ದಕ್ಕೂ ಜಾರಿಸಿದರೆ ಬಾಗದ ಕಡೆಯಲ್ಲೆಲ್ಲ ಮೊನೆ ತಾಗಿ ಗೆರೆ ಮೂಡುತ್ತದೆ. ಆ ಗೆರೆ ಅಳಿಯುವಷ್ಟು ಮಾತ್ರ ಹೆರೆದೆ. ಇಲ್ಲಿ ಅರಕ್ಕಿಂತ ಉಕ್ಕಿನ ತೆಳು ತಗಡೇ ಮೇಲು. ಅದು ಕಾಗದದಂಥ ಸುರುಳಿಗಳನ್ನು ಎಬ್ಬಿಸುತ್ತದೆ, ಕೈಗೆ ಹಿಡಿತ ತಪ್ಪುವುದಿಲ್ಲ.

ಪ್ರತಿ ಸಲ ಹೆರೆದ ಮೇಲೆ ಇಪ್ಪತ್ತು ಮೂವತ್ತು ಬಾರಿ ಮೆಲ್ಲಗೆ ಎಳೆದು ಬಿಡುತ್ತಿದ್ದೆ. ತೆಗೆದ ಮರದ ಪರಿಣಾಮ ಆಗಲೇ ಪೂರ್ತಿ ಕಾಣುವುದು. ನನಗೆ ಬೇಕಿದ್ದುದು 28 ಅಂಗುಲಕ್ಕೆ 45 ಪೌಂಡಿನ ಬಿಲ್ಲು, ಅಂದರೆ ಹೆದೆಯನ್ನು 28 ಅಂಗುಲದವರೆಗೆ ಎಳೆಯಲು 45 ಪೌಂಡು ಬಲ ಬೇಡುವ ಬಿಲ್ಲು. ಹೆದೆಯನ್ನು ಎಷ್ಟೇ ಕಡಿಮೆ ದೂರ ಎಳೆದಿರಲಿ, ಆ ಬಲವನ್ನು ಅಳೆಯುವ ತಕ್ಕಡಿ 45 ತೋರಿಸಿದ ಕೂಡಲೇ ಎಳೆಯುವುದನ್ನು ನಿಲ್ಲಿಸುತ್ತಿದ್ದೆ. ಈ ನಿಯಮ ಮೀರಿದರೆ ಹೊಟ್ಟೆಯ ನಾರು ಜಜ್ಜಿಹೋಗುತ್ತದೆ, ಅದನ್ನು ಮತ್ತೆ ಸರಿಪಡಿಸಲಾಗದು.

ಕೊನೆಗೆ ಅಂಚುಗಳನ್ನು ದುಂಡಾಗಿಸಿ, ಅಗಸೆ ಎಣ್ಣೆ ಉಜ್ಜಿ, ಜೇನುಮೇಣ ಹಚ್ಚಿದೆ. ಹೆದೆ ಇಳಿಸಿದಾಗ ತುದಿಗಳು ಒಂದು ಅಂಗುಲಕ್ಕಿಂತ ಕಡಿಮೆ ಬಾಗಿ ನಿಲ್ಲುತ್ತವೆ. ಆಶ್ ಬಿಲ್ಲಿಗೆ ಇದಕ್ಕಿಂತ ಹೆಚ್ಚು ಕೇಳಬಾರದು.